ಕೆಸರು ತಿನ್ನುವ ಮೀನಿಗೆ ನೊಣದ ಗಾಳ

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಕ್ರೈಸ್ಟ್‌ಚರ್ಚ್ ಎಂಬ ಅಳಿವೆಯಿದೆ. ಬೇಸಿಗೆಯಲ್ಲಿ ಉಬ್ಬರ ಏರುವ ಹೊತ್ತಿಗೆ ಅಲ್ಲಿ ಮೊಣಕಾಲುಮಟ್ಟದ ನೀರಿಗೂ ಮುಲ್ಲೆಟ್ ಮೀನಿನ ಹಿಂಡು ನುಗ್ಗಿ ಬರುತ್ತದೆ. ಬೂದುಬಣ್ಣದ ಬೆನ್ನುಗಳು ಬರಿಗಣ್ಣಿಗೇ ಕಾಣುತ್ತವೆ. ಒಂದೊಂದು ಮೀನು ಒಂದೂವರೆ, ಎರಡು ಕಿಲೋ ತೂಗೀತು. ಆದರೆ ಸಿಗಡಿ ಚುಚ್ಚಿದ ಗಾಳದ ಪಕ್ಕದಲ್ಲೇ ಸುಳಿದು ಹೋದರೂ ಅದಕ್ಕೆ ಬಾಯಿ ಹಾಕುವುದು ಅಪರೂಪ. ಬಹುಕಾಲ ಅಲ್ಲಿನ ಗಾಳಗಾರರು ಇದನ್ನು ಗಾಳಕ್ಕೆ ಬೀಳದ ಮೀನು ಎಂದೇ ಕೈಬಿಟ್ಟಿದ್ದರು. ಮಹಾ ಜಾಣ ಮೀನು ಎಂದು ಹೊಗಳುವವರೂ ಇದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ, ಅದರ ಹೊಟ್ಟೆಯೊಳಗೆ ಇಣುಕಿದರೆ ಸಾಕು.

ಇಳಿತದಲ್ಲಿ ಬಯಲಾಗುವ ಕೆಸರಿನ ಮೇಲೆ ಕಂದುಬಣ್ಣದ ತೆಳು ಪದರವೊಂದು ಮಿರುಗುತ್ತಿರುತ್ತದೆ. ಅದು ಡಯಾಟಮ್, ಗಾಜಿನಂಥ ಸಿಲಿಕಾ ಚಿಪ್ಪಿನೊಳಗೆ ಬದುಕುವ ಏಕಕೋಶ ಪಾಚಿ. ನೀರೇರಿದೊಡನೆ ಮುಲ್ಲೆಟ್ ತುಟಿಯಿಂದ ಈ ಪದರವನ್ನು ಕೆರೆದು, ಕೆಸರಿನ ಸಮೇತ ಬಾಯಿಗೆ ತುಂಬಿಕೊಳ್ಳುತ್ತದೆ. ಕಿವಿರಿನ ಬಳಿಯ ನವಿರಾದ ಜರಡಿಯಲ್ಲಿ ಅದನ್ನು ಸೋಸಿ, ಬೇಡವಾದದ್ದನ್ನು ಉಗುಳುತ್ತದೆ. ಉಳಿದದ್ದು ಇಳಿಯುವುದು ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಚೀಲವಿದೆಯಲ್ಲ, ಅಂಥದೇ ದಪ್ಪ ಮಾಂಸದ ಚೀಲಕ್ಕೆ. ಅಲ್ಲಿ ನುಂಗಿದ ಮರಳೇ ಬೀಸುವ ಕಲ್ಲು, ಡಯಾಟಮ್ಮಿನ ಚಿಪ್ಪು ಪುಡಿಪುಡಿ. ಮುಂದಿನ ಕರುಳಂತೂ ಮೀನಿನ ಮೈಯುದ್ದಕ್ಕಿಂತ ಹಲವು ಪಟ್ಟು ಉದ್ದ, ಮೇಯುವ ಪ್ರಾಣಿಗಳದ್ದರ ಹಾಗೆ.

ಫ್ರಾನ್ಸಿನ ಮಾಂ ಸ್ಯಾಂ ಮಿಶೆಲ್ ಕೊಲ್ಲಿಯಲ್ಲಿ ಸಂಶೋಧಕರು ಈ ಮೇವಿನ ಲೆಕ್ಕ ಹಾಕಿದ್ದಾರೆ. ಅಲ್ಲಿನ ಉಪ್ಪುಜೌಗಿಗೆ ನೀರು ಹತ್ತುವುದು ದೊಡ್ಡ ಉಬ್ಬರಗಳಲ್ಲಿ ಮಾತ್ರ. ಸಿಗುವ ಒಂದೆರಡು ಗಂಟೆಯಲ್ಲಿ ತೆಳುತುಟಿಯ ಮುಲ್ಲೆಟ್ ತನ್ನ ಮೈತೂಕದ ಸುಮಾರು ಶೇಕಡಾ 8ರಷ್ಟು ಕೆಸರನ್ನು ಕಬಳಿಸಿ ಇಳಿತದೊಂದಿಗೆ ಮರಳುತ್ತದೆ. ಇಂಥ ಮೀನಿಗೆ ಸಿಗಡಿ ತೋರಿಸುವುದೆಂದರೆ ಅಂಬಲಿ ಕುಡಿಯುತ್ತ ಕೂತವನಿಗೆ ಚಕ್ಕುಲಿ ಚಾಚಿದ ಹಾಗೆ.

ಆದರೂ ಗಾಳಗಾರನಿಗೆ ಅಮಾವಾಸ್ಯೆ, ಹುಣ್ಣಿಮೆಗಳು ಒಂದು ಬಾಗಿಲು ತೆರೆಯುತ್ತವೆ. ಆಗ ಸೂರ್ಯ, ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ದಡದ ತುದಿ ಮುಟ್ಟುತ್ತದೆ. ಬಿರುಗಾಳಿ ಕಿತ್ತು ತಂದ ಕಡಲಕಳೆಯನ್ನು ಅಲ್ಲಿ ರಾಶಿ ಹಾಕಿ ಇಳಿಯುತ್ತದೆ. ರಾಶಿ ಕೊಳೆಯತೊಡಗಿದರೆ, ಹೊರಗೆ ಎಷ್ಟೇ ಚಳಿಯಿರಲಿ, ಒಳಗೆ ತಿಪ್ಪೆಯ ಹಾಗೆ ಬಿಸಿ. ಕೊಯ್ಲೋಪಾ ಎಂಬ ಕಡಲಕಳೆಯ ನೊಣ ಮೊಟ್ಟೆಯಿಡುವುದು ಅದರೊಳಗೇ. ಸುಮಾರು 15 ದಿನಕ್ಕೆ ಮತ್ತೆ ದೊಡ್ಡ ಉಬ್ಬರ ಬಂದು ರಾಶಿಯನ್ನು ಕಲಕಿದಾಗ ಬಿಳಿ ಮರಿಹುಳುಗಳು ಲೆಕ್ಕವಿಲ್ಲದಷ್ಟು ನೀರಿಗೆ ಬಂದು ತೇಲುತ್ತವೆ. ಕೆರೆಯುವ ಶ್ರಮವಿಲ್ಲದೆ ಬಾಯಿಗೇ ಬರುವ ಊಟವಿದು. ಇಷ್ಟು ಹೊತ್ತು ಕೆಸರಿಗೆ ಮುಖವಿಟ್ಟಿದ್ದ ಮುಲ್ಲೆಟ್ ಈಗ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಹೀರತೊಡಗುತ್ತದೆ.

ಫ್ಲೈ ಎಂಬ ಕೃತಕ ನೊಣದ ಗಾಳಕ್ಕೆ ಇದೇ ಗಳಿಗೆ. ಕೊಕ್ಕೆಗೆ ಬಿಳಿ ದಾರವನ್ನೋ ರಬ್ಬರನ್ನೋ ಸುತ್ತಿ ಕಟ್ಟಿದ ಹುಸಿ ಮರಿಹುಳು ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದು, ತೂಕ ಇಲ್ಲವೆನ್ನುವಷ್ಟು. ಕಲ್ಲು ಎಸೆದಂತೆ ಇದನ್ನು ಎಸೆದರೆ ಮೂಗಿನೆದುರೇ ಬೀಳುತ್ತದೆ. ಹಾಗಾಗಿ ತೂಕವೆಲ್ಲ ಇರುವುದು ಪ್ಲಾಸ್ಟಿಕ್ ಲೇಪದ ದಪ್ಪ ದಾರದಲ್ಲಿ. 6ನೇ ನಂಬರಿನ ದಾರದ ಮೊದಲ 9 ಮೀಟರಿನಷ್ಟು ಭಾಗ ಸುಮಾರು 10 ಗ್ರಾಂ ತೂಗುತ್ತದೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರ ಗಾಳಿಯಲ್ಲಿ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದಂತೆಲ್ಲ ಚಲಿಸುವ ಭಾಗ ಚಿಕ್ಕದಾಗುತ್ತ, ಕೊಟ್ಟ ಶಕ್ತಿ ಅದರಲ್ಲೇ ಒಟ್ಟಾಗುತ್ತ ತುದಿಯ ವೇಗ ಉಳಿಯುತ್ತದೆ. ಚಾವಟಿಯ ವಿದ್ಯೆಯೂ ಇದೇ. ದಾರದ ತುದಿಗೆ ತೆಳು ನೈಲಾನ್, ಅದರ ತುದಿಗೆ ಹುಸಿ ಹುಳು. ಸದ್ದಿಲ್ಲದೆ ನೀರಿಗಿಳಿಯಿತೋ, ಆಸೆಯಿದೆ. ದಪ್ಪ ದಾರ ಹಿಂಡಿನ ತಲೆಯ ಮೇಲೆ ಬಿತ್ತೋ, ಆ ದಿನ ಮುಗಿದ ಹಾಗೆಯೇ.

ಬಿದ್ದ ಮೀನನ್ನು ಹೆಚ್ಚಿನ ಮುಲ್ಲೆಟ್ ಗಾಳಗಾರರು ನೀರಿಗೇ ಬಿಡುತ್ತಾರೆ. ಬೇಟೆಯಾಡಿ ಬಿಟ್ಟುಬಿಡುವ ಈ ಚಪಲ ನಮಗೆ ವಿಚಿತ್ರವಾಗಿ ಕಂಡೀತು, ನನಗೂ ಪೂರ್ತಿ ಒಗ್ಗಿಲ್ಲ. ಆದರೆ ಅವರ ಕಡಲಿನ ದಪ್ಪತುಟಿಯ ಮುಲ್ಲೆಟ್ ತಣ್ಣೀರಿನಲ್ಲಿ ಬಲು ನಿಧಾನ ಬೆಳೆಯುತ್ತದೆ, ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಅದಕ್ಕೆ ಹತ್ತು ವರ್ಷದ ಆಸುಪಾಸು. ಕೈಗೆ ಬಂದ ಎರಡು ಕಿಲೋದ ಮೀನು ಹೈಸ್ಕೂಲು ಹುಡುಗನಷ್ಟು ವಯಸ್ಸಿನದಿದ್ದರೂ ಆಶ್ಚರ್ಯವಿಲ್ಲ ಎಂಬುದು ಗೊತ್ತಾದ ಮೇಲೆ ಅವರ ಮೇಲಿನ ತಕರಾರು ಕಡಿಮೆಯಾಗಿದೆ.

ಇದರ ದಾಯಾದಿ ನಮ್ಮಲ್ಲೂ ಇದೆ. ಕಾಳಿ, ಅಘನಾಶಿನಿ ಅಳಿವೆಗಳಲ್ಲಿ ಬೀಸುಬಲೆಗೆ ಬೀಳುವ ಶೇವಟೆ ಇದೇ ಮುಲ್ಲೆಟ್ ಕುಲದ್ದು. ಪಕ್ಕದ ಗೋವಾ ಅದನ್ನು 2016ರಲ್ಲಿ ರಾಜ್ಯದ ಮೀನೆಂದು ಘೋಷಿಸಿತು. ಕಾರವಾರದ ಪೇಟೆಯಿಂದ ಶೇವಟೆ ತಂದ ದಿನ, ಹೊಟ್ಟೆ ಸೀಳಿದಾಗ ಎಲ್ಲವನ್ನೂ ಒಟ್ಟಿಗೆ ಬಳಿದು ಎಸೆಯಬೇಡಿ. ಬೆರಳಿಗೆ ಅಡಿಕೆಯಂಥ ಗಟ್ಟಿ ಉಂಡೆಯೊಂದು ಸಿಗುತ್ತದೆ. ಅದನ್ನು ಕೊಯ್ದು ನೋಡಿ, ಒಳಗೆ ಅಳಿವೆಯ ಮರಳಿರುತ್ತದೆ.