ಇಸಿದುಕೊಂಡ ಮಾತ್ರೆಯಿಂದ ಎಚ್‌ಐವಿ ತಪ್ಪುವುದಿಲ್ಲ

"ರಾತ್ರಿ ಎಡವಟ್ಟಾಯಿತೇ? ಎಚ್‌ಐವಿ ಇರುವ ಗೆಳೆಯನಿಂದ ಎರಡು ಮಾತ್ರೆ ಇಸಿದುಕೊಂಡು ನುಂಗು, ವೈರಸ್ಸು ಸತ್ತುಹೋಗುತ್ತದೆ." ಓದು ಬಲ್ಲವರ ಬಾಯಲ್ಲೇ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅದೂ ಪುಣೆಯಲ್ಲಿ! ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ 1992ರಲ್ಲಿ ಶುರುವಾದದ್ದು ಇಲ್ಲಿನ ಭೋಸರಿಯಲ್ಲೇ.

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅಪಾಯ ಹೆಚ್ಚು. ಸೋಂಕಿತರು ಬೇಗ ಚಿಕಿತ್ಸೆ ಶುರುಮಾಡಿದರೆ ಸಂಗಾತಿಗೆ ಹರಡುವುದು ಶೇ 96ರಷ್ಟು ತಗ್ಗುತ್ತದೆಂದು 2011ರಲ್ಲಿ ತೋರಿಸಿದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಪುಣೆಯೂ ಒಂದು ಕೇಂದ್ರ. ಆದರೆ ಅವರು ದಿನವೂ ನುಂಗುತ್ತಿದ್ದರು. ಅಪಾಯವಾದ ಮೇಲೆ ಕೊಡುವ ಚಿಕಿತ್ಸೆ ಬೇರೆಯೇ ಇದೆ: ಎಷ್ಟು ಬೇಗವೋ ಅಷ್ಟು ಒಳ್ಳೆಯದು, ತಡವೆಂದರೂ 72 ಗಂಟೆಯೊಳಗೆ ಶುರುವಾಗಬೇಕು, ಆಮೇಲೆ 28 ದಿನ ತಪ್ಪದೆ ನಡೆಯಬೇಕು. ಮಾತ್ರೆ ವೈರಸ್ಸನ್ನು ಕೊಲ್ಲುವುದಿಲ್ಲ. ವೈರಸ್ಸು ಹೊಸ ಜೀವಕೋಶದ ಡಿಎನ್‌ಎಯಲ್ಲಿ ಸೇರಿಕೊಳ್ಳದಂತೆ ತಡೆಯುತ್ತದೆ. ಎರಡನೇ ದಿನಕ್ಕೇ ನಿಲ್ಲಿಸಿದರೆ ಆ ತಡೆ ತೆಗೆದಂತೆಯೇ.

ನುಂಗಿದವನಿಗೆ ಮೊದಲೇ, ಗೊತ್ತಿಲ್ಲದೆ, ಎಚ್‌ಐವಿ ಇದ್ದರೆ? ಆಗೊಮ್ಮೆ ಈಗೊಮ್ಮೆ ನುಂಗಿದ ಮಾತ್ರೆಗೆ ವೈರಸ್ಸು ಜಗ್ಗದಂತಾಗಬಹುದು. ಹೆಪಟೈಟಿಸ್ ಬಿ ಇದ್ದರೆ? ಎಚ್‌ಐವಿ ಚಿಕಿತ್ಸೆ ನೀಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳು ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿನ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಆ ರೋಗವನ್ನು ಅದುಮಿಡುತ್ತವೆ. ಕೆಲಕಾಲ ನುಂಗಿ ತಟ್ಟನೆ ಬಿಟ್ಟರೆ ಅದು ಮತ್ತೆ ಕೆರಳಿ ಪಿತ್ತಜನಕಾಂಗಕ್ಕೆ ಜೀವ ಹೋಗುವಷ್ಟು ಹಾನಿಯಾಗಬಹುದು. ಮೂತ್ರಪಿಂಡ ಮೊದಲೇ ಸೋತಿದ್ದವರಿಗೆ ಟೆನೊಫೊವಿರ್ ಇನ್ನೊಂದು ಹೊರೆ. ವೈದ್ಯರ ಉಸ್ತುವಾರಿಯಲ್ಲೂ ಅನಾಹುತವಾದದ್ದುಂಟು: ಸೂಜಿ ಚುಚ್ಚಿದ್ದಕ್ಕೆ ನೆವಿರಾಪಿನ್ ಸೇರಿದ ಔಷಧ ಪಡೆದ ಆರೋಗ್ಯ ಸಿಬ್ಬಂದಿಯೊಬ್ಬರಿಗೆ ಪಿತ್ತಜನಕಾಂಗವನ್ನೇ ಬದಲಿಸಬೇಕಾಯಿತೆಂದು 2001ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. ಹೀಗಿರುವಾಗ ಪರೀಕ್ಷೆಯೂ ಇಲ್ಲದೆ ಇನ್ನೊಬ್ಬರ ಡಬ್ಬಿಗೆ ಕೈಹಾಕುವುದೇ? ಕೊಟ್ಟವನ ಡಬ್ಬಿಯಲ್ಲಿ 30 ದಿನಕ್ಕೆ 30 ಮಾತ್ರೆ. ಎರಡು ಹೋದರೆ ಅವನ ಚಿಕಿತ್ಸೆಯೂ ಎರಡು ದಿನ ತಪ್ಪಿತು.

ಮರುದಿನದ ಪರೀಕ್ಷೆ ನೆಗೆಟಿವ್ ಬಂದರೆ ಪಾರಾದೆವೆನ್ನುವವರಿಗೆ: ಆ ವರದಿ ನಿನ್ನೆ ರಾತ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಚಿಕಿತ್ಸೆಯಲ್ಲಿರುವ ಸೋಂಕಿತರಲ್ಲೂ ಇಂಥದೇ ಭ್ರಮೆಯುಂಟು: ರಕ್ತದಲ್ಲಿ ವೈರಸ್ಸು ಕಾಣದಿದ್ದರೆ ಗುಣವಾಯಿತೆಂದು ಮಾತ್ರೆ ಬಿಡುವವರಲ್ಲಿ ಬಹುತೇಕರಿಗೆ ಅದು ಕೆಲವೇ ವಾರಗಳಲ್ಲಿ ಮರಳುತ್ತದೆ.

ಇಂಥ ಸುಳ್ಳು ನಂಬಿದವರು ಬೇರೆಡೆಯೂ ಇದ್ದರು. 2007ರಲ್ಲಿ ಗ್ಯಾಂಬಿಯಾದ ಅಧ್ಯಕ್ಷ ಯಾಹ್ಯಾ ಜಾಮ್ಮೆ ತಾನೇ ಗಿಡಮೂಲಿಕೆಯಿಂದ ಏಡ್ಸ್ ಗುಣಪಡಿಸುತ್ತೇನೆಂದು ಸಾರಿ ರೋಗಿಗಳ ಎಆರ್‌ಟಿ ಮಾತ್ರೆ ಬಿಡಿಸಿದ. ಅಧ್ಯಕ್ಷನನ್ನು ನಂಬಿದವರಿಗೆ ಅಲ್ಲಿ ಅಧಿಕಾರದ ಭಯವಿತ್ತು. ಗೆಳೆಯನ ಮಾತು ನಂಬುವ ನಮ್ಮವರಿಗಿರುವುದು ನಾಚಿಕೆ. ವೈದ್ಯರೆದುರು ಬಾಯಿಬಿಡುವ ಮುಜುಗರ ತಪ್ಪಿಸುವ ಯಾವ ಸುಳ್ಳಾದರೂ ಅವರಿಗೆ ಹಿತ. ಎಚ್‌ಐವಿ ವಿಷಯ ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಏಡ್ಸ್ ಸಹಾಯವಾಣಿ 1097ಕ್ಕೆ ಮಾಡುವ ಕರೆ ಉಚಿತ. 72 ಗಂಟೆಯ ಎಣಿಕೆ ಆಗಲೇ ಶುರುವಾಗಿರುತ್ತದೆ, ಪುಣೆಯ ಸಸೂನ್‌ನಂಥ ದೊಡ್ಡಾಸ್ಪತ್ರೆಗೆ ಆ ರಾತ್ರಿಯೇ ಹೋಗಿ.