ಅರ್ಧ ಊಟದ ಲೆಕ್ಕ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಆಡಳಿತದಲ್ಲಿ ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಶಾಲೆಗಳ ಆಡಳಿತದಲ್ಲಿ ಇವೇ ನಾಲ್ಕು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಮಳೆ ಕಡಿಮೆ ಬೀಳುವ, ರಾಗಿಯನ್ನೂ ಕಡಲೆಕಾಯಿಯನ್ನೂ ನೆಚ್ಚಿದ ಸೀಮೆ ಇದು. ಆದರೂ ಇಲ್ಲಿಗೆ ಬಂದುಹೋಗುವ ಜನರಿಗೆ ಕೊರತೆಯಿಲ್ಲ. ಹಿಂದೆ 4ನೆಯದೆಂದೂ ಈಗ 48ನೆಯದೆಂದೂ ಹೆಸರಾದ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಶಿರಾದ ಮಗ್ಗುಲಲ್ಲೇ ಸಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಏರಲು, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿಯನ್ನೂ ಪಾವಗಡದ ಶನಿಮಹಾತ್ಮನನ್ನೂ ಕಾಣಲು ಜನರು ಸಂಸಾರಸಮೇತರಾಗಿ ಬರುತ್ತಾರೆ. ಸಂಸಾರವೆಂದ ಮೇಲೆ ಮಕ್ಕಳುಂಟು. ಮಕ್ಕಳೆಂದ ಮೇಲೆ ಹಸಿವುಂಟು. ದಾರಿಯ ಬದಿಯ ಹೋಟೆಲಿನಲ್ಲಿ ಎಲೆಯ ಮುಂದೆ ಕುಳಿತ ಮಗುವಿನ ಊಟಕ್ಕೆ ಎಷ್ಟು ಹಣ ತೆರುವುದು ನ್ಯಾಯ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ನಡೆಯುವ ಚರ್ಚೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದನ್ನು ಕುರಿತೇ ನಡೆಯುತ್ತವೆ ಎಂದರೆ ಅತಿಶಯೋಕ್ತಿಯೇನೂ ಆಗದು.

ಮಕ್ಕಳಿಗೆ ಅರ್ಧ ದರ ಎಂಬ ಎಣಿಕೆ ಜನರ ಮನಸ್ಸಿನಲ್ಲಿ ಬೇರೂರಿರುವುದು ಬಹುಮಟ್ಟಿಗೆ ಬಸ್ಸು ರೈಲುಗಳ ಅರ್ಧ ಟಿಕೆಟಿನಿಂದ. ಸರ್ಕಾರಿ ಬಸ್ಸಿನಲ್ಲಿ ಆರು ವರ್ಷದಿಂದ ಹನ್ನೆರಡು ವರ್ಷದವರೆಗೆ ಅರ್ಧ ಟಿಕೆಟು. (2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವೇ ಇಲ್ಲವಾಗಿ, ಅರ್ಧ ಟಿಕೆಟಿನ ಜಗಳವು ಗಂಡುಹುಡುಗರ ಪಾಲಿಗೆ ಮಾತ್ರ ಉಳಿದಿದೆ.) ರೈಲ್ವೆಯಲ್ಲಿ ಐದರಿಂದ ಹನ್ನೆರಡರವರೆಗಿನ ಮಕ್ಕಳು ಬಹುಕಾಲ ಅರ್ಧ ಹಣ ಕೊಟ್ಟು ಪೂರ್ತಿ ಜಾಗವನ್ನು ಪಡೆಯುತ್ತಿದ್ದರು. 2016ರ ಏಪ್ರಿಲ್ 21ರಿಂದ ಆ ಪದ್ಧತಿ ಬದಲಾಯಿತು. ಕಾಯ್ದಿರಿಸಿದ ಡಬ್ಬಿಗಳಲ್ಲಿ ಮಗುವಿಗೆ ಪ್ರತ್ಯೇಕ ಜಾಗ ಬೇಕೆಂದರೆ ಪೂರ್ತಿ ದರ. ಹೆತ್ತವರ ಜಾಗದಲ್ಲೇ ಕುಳಿತರೆ ಅರ್ಧ. ಮಗು ಚಿಕ್ಕದಾದರೂ ಅದು ಹಿಡಿಯುವ ಜಾಗ ಚಿಕ್ಕದಲ್ಲ ಎಂಬುದು ಇದರ ಹಿಂದಿನ ತರ್ಕ. ಹೋಟೆಲಿನವರು ಹೇಳುವ ಮಾತೂ ಇದೇ.

ಅವರ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಪೂರ್ಣ ಊಟದ ದರ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಅಕ್ಕಿ, ಬೇಳೆ, ತರಕಾರಿ, ಎಣ್ಣೆಗಳಿಗೆ 40 ರೂಪಾಯಿ. ಆಳುಗಳ ಸಂಬಳ, ಬಾಡಿಗೆ, ಅಡುಗೆಯ ಅನಿಲ, ಎಲೆ ಮುಂತಾದವಕ್ಕೆ 45 ರೂಪಾಯಿ. ಲಾಭ 15 ರೂಪಾಯಿ. ಮಗು ಅರ್ಧದಷ್ಟೇ ಉಂಡರೆ ಮೊದಲನೆಯ 40 ಇಳಿದು 20 ಆಗುತ್ತದೆ. ಎರಡನೆಯ 45 ಇಳಿಯುವುದಿಲ್ಲ; ಏಕೆಂದರೆ ಮಗುವಿಗೂ ಒಂದು ಕುರ್ಚಿ ಬೇಕು, ಒಂದು ಎಲೆ ಬೇಕು, ಬಡಿಸುವವನು ಅಷ್ಟೇ ಸಲ ಬರಬೇಕು; ಚೆಲ್ಲಿದ ಸಾರನ್ನು ಒರೆಸಲು ಒಂದು ಸಲ ಹೆಚ್ಚಾಗಿಯೇ ಬರಬೇಕು. ಹೀಗೆ ಅರ್ಧ ಊಟಕ್ಕೆ ಬೀಳುವ ವೆಚ್ಚವೇ 65 ರೂಪಾಯಿ. ಅದನ್ನು 50 ರೂಪಾಯಿಗೆ ಕೊಟ್ಟರೆ ಎಲೆಯೊಂದಕ್ಕೆ 15 ರೂಪಾಯಿ ನಷ್ಟ. ಅರ್ಧ ಊಟಕ್ಕೆ ಮುಕ್ಕಾಲು ದರವನ್ನು ಕೇಳುವ ಹೋಟೆಲಿನವನು ದುರಾಸೆಯಿಂದಲೇ ಕೇಳುತ್ತಿದ್ದಾನೆಂದು ಹೇಳಲಾಗದು.

ಹಾಗಾದರೆ ನಷ್ಟಕ್ಕೆ ಮಕ್ಕಳ ಊಟ ಕೊಡುವ ಹೋಟೆಲುಗಳು ಏಕಿವೆ? ಮಗು ಒಂಟಿಯಾಗಿ ಬರುವುದಿಲ್ಲವಷ್ಟೆ. ತಂದೆ, ತಾಯಿ, ಅಜ್ಜಿ ಜೊತೆಗಿರುತ್ತಾರೆ. ಮೂರು ಪೂರ್ಣ ಊಟಗಳಿಂದ 45 ರೂಪಾಯಿ ಲಾಭ ಬಂದು, ಮಗುವಿನ ಎಲೆಯಲ್ಲಿ 15 ಹೋದರೂ 30 ಉಳಿಯುತ್ತದೆ. ಅಗ್ಗದ ಮಕ್ಕಳ ಊಟವೆಂದರೆ ಇಡೀ ಸಂಸಾರವನ್ನು ಒಳಗೆ ಕರೆಯುವ ಬಾಗಿಲು. ಮಧ್ಯಾಹ್ನ ಮೂರು ಗಂಟೆಗೆ ಕುರ್ಚಿಗಳು ಖಾಲಿ ಇರುವಾಗ ಇದರಿಂದ ಯಾರಿಗೂ ಹಾನಿಯಿಲ್ಲ. ಆದರೆ ಜಾತ್ರೆಯ ದಿನ, ಹೊರಗೆ ಜನ ಕಾದು ನಿಂತಿರುವಾಗ, ಆ ಕುರ್ಚಿಯಲ್ಲಿ ಪೂರ್ಣ ಊಟದವನೊಬ್ಬ ಕೂಡಬಹುದಿತ್ತು. ನಷ್ಟವನ್ನು ತುಂಬಿಕೊಳ್ಳಲು ಹೋಟೆಲಿನವನು ಪೂರ್ಣ ಊಟದ ದರವನ್ನು 105ಕ್ಕೆ ಏರಿಸಿದನೆನ್ನಿ. ಆಗ ಮಗುವಿನ ರಿಯಾಯಿತಿಯ ಹಣವನ್ನು ಕೊಡುವವರಾರು? ಮಗುವಿನ ತಂದೆ ಒಂದಿಷ್ಟು ಕೊಡುತ್ತಾನೆ. ಪಕ್ಕದ ಮೇಜಿನಲ್ಲಿ ಒಂಟಿಯಾಗಿ ಉಣ್ಣುತ್ತಿರುವ ಲಾರಿಯ ಚಾಲಕನೋ ಸಂತೆಗೆ ಬಂದ ಕೂಲಿಯವನೋ ಒಂದಿಷ್ಟು ಕೊಡುತ್ತಾನೆ. ಕಾರಿನಲ್ಲಿ ಬಂದವರ ಮಗುವಿಗೆ ಕೂಲಿಯವನ ಜೇಬಿನಿಂದ ರಿಯಾಯಿತಿ ದೊರೆಯುವುದು ವಿಚಿತ್ರವಾದ ನ್ಯಾಯ.

ಇದು ಹಣದ ಲೆಕ್ಕವಾಯಿತು. ಹೊಟ್ಟೆಯ ಲೆಕ್ಕ ಇನ್ನೊಂದಿದೆ. ಅದು ಹೆಚ್ಚು ಕುತೂಹಲಕರವಾದುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಂಗ. ಯಾವ ವಯಸ್ಸಿನವರಿಗೆ ದಿನಕ್ಕೆ ಎಷ್ಟು ಶಕ್ತಿ ಬೇಕೆಂಬುದನ್ನು ಅದು 2020ರಲ್ಲಿ ಪರಿಷ್ಕರಿಸಿ ಪ್ರಕಟಿಸಿತು. ಮಧ್ಯಮ ಶ್ರಮದ ಕೆಲಸ ಮಾಡುವ ಗಂಡಸಿಗೆ 2710 ಕಿಲೋಕ್ಯಾಲೊರಿ. ನಾಲ್ಕರಿಂದ ಆರು ವರ್ಷದ ಮಗುವಿಗೆ 1360. ಇಲ್ಲಿಗೆ ‘ಅರ್ಧ’ ಎಂಬ ಮಾತು ಬಹಳ ಸರಿಯಾಗಿ ಹೊಂದುತ್ತದೆ. ಏಳರಿಂದ ಒಂಬತ್ತು ವರ್ಷಕ್ಕೆ 1700; ಕುಳಿತು ಕೆಲಸ ಮಾಡುವ ಹೆಂಗಸಿಗೆ ಬೇಕಾಗುವುದು 1660 ಮಾತ್ರ. ಎಂದರೆ ಎರಡನೆಯ ತರಗತಿಯ ಹುಡುಗನಿಗೆ ಅವನ ತಾಯಿಗಿಂತ ಕಡಿಮೆ ಅನ್ನ ಸಾಕೆಂಬುದು ದಿನದ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಹತ್ತರಿಂದ ಹನ್ನೆರಡು ವರ್ಷದ ಹುಡುಗನಿಗೆ 2220, ಹುಡುಗಿಗೆ 2060. ಹದಿಮೂರರಿಂದ ಹದಿನೈದು ವರ್ಷದ ಹುಡುಗನಿಗೆ 2860, ಹುಡುಗಿಗೆ 2400. ಆ ಹುಡುಗನ ಪಾಲು ಹೊಲದಲ್ಲಿ ದುಡಿಯುವ ತಂದೆಯ ಪಾಲನ್ನೇ ಮೀರಿದ್ದು. ಒಂಬತ್ತನೆಯ ತರಗತಿಯ ಹುಡುಗರು ಮನೆಯಲ್ಲಿ ಪಾತ್ರೆಯ ತಳ ಕೆರೆಯುವರೆಂದು ಗೊಣಗುವ ತಾಯಂದಿರಿಗೆ ಈ ಅಂಕಿಗಳನ್ನು ತೋರಿಸಬೇಕು.

ಮಗುವಿನ ಜಠರ ಚಿಕ್ಕದು. ಅದು ದಿನದ ಪಾಲನ್ನು ನಾಲ್ಕೈದು ಸಲಕ್ಕೆ ಹಂಚಿಕೊಂಡು ತಿನ್ನುತ್ತದೆ. ಆದಕಾರಣ ಒಂದು ಹೊತ್ತಿನ ಎಲೆಯಲ್ಲಿ ಅದರ ಊಟ ದೊಡ್ಡವರದಕ್ಕಿಂತ ಕಡಿಮೆಯಾಗಿಯೇ ತೋರುವುದು ಸಹಜ. ಆದರೂ ಐದು ವರ್ಷದವನನ್ನೂ ಹನ್ನೊಂದು ವರ್ಷದವಳನ್ನೂ ‘ಮಕ್ಕಳು’ ಎಂಬ ಒಂದೇ ಹೆಸರಿನ ಕೆಳಗೆ ತಂದು ಒಂದೇ ಅಳತೆಯನ್ನು ಇಬ್ಬರಿಗೂ ಬಡಿಸಿದರೆ, ಒಬ್ಬನ ಎಲೆಯಲ್ಲಿ ಅನ್ನ ಮಿಕ್ಕು ಬಿಸಾಡುವ ಪಾಲಾಗುತ್ತದೆ, ಇನ್ನೊಬ್ಬಳು ಅರೆಹೊಟ್ಟೆಯಲ್ಲಿ ಏಳುತ್ತಾಳೆ. ಹುಡುಗಿಯಾದರೆ ಇನ್ನಷ್ಟು ಬೇಕೆಂದು ಕೇಳುವುದೂ ಕಡಿಮೆ.

ಕನ್ನಡದಲ್ಲಿ ಪಂಕ್ತಿಭೇದವೆಂಬ ಮಾತುಂಟು. ಒಂದೇ ಸಾಲಿನಲ್ಲಿ ಕುಳಿತವರಿಗೆ ಬೇರೆ ಬೇರೆಯಾಗಿ ಬಡಿಸುವುದು ಪಂಕ್ತಿಭೇದ. ಅದನ್ನು ಜನರು ದೊಡ್ಡ ತಪ್ಪೆಂದು ಎಣಿಸುತ್ತಾರೆ. ಆದರೆ ಮದುವೆಯ ಪಂಕ್ತಿಯಲ್ಲಿ ಮಗುವಿನ ಎಲೆಗೆ ಅನ್ನವನ್ನು ಕಡಿಮೆ ಹಾಕಿದರೆ ಅದನ್ನು ಯಾರೂ ಪಂಕ್ತಿಭೇದವೆನ್ನುವುದಿಲ್ಲ. ದೊಡ್ಡವರಿಗೆ ಹೋಳಿಗೆ ಬಡಿಸಿ ಮಗುವಿಗೆ ಬಿಟ್ಟರೆ ಎನ್ನುತ್ತಾರೆ. ಪ್ರಮಾಣ ಇಳಿಯಬಹುದು, ಬಗೆ ಇಳಿಯಕೂಡದೆಂಬುದು ಈ ಬಳಕೆಯೊಳಗಿನ ವಿವೇಕ. ಹೋಟೆಲಿನ ಮಕ್ಕಳ ಊಟವನ್ನು ತೂಗಿನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗದು. ದರ ಇಳಿಸಿದಾಗ ಎಲೆಯಲ್ಲಿ ಇಳಿದದ್ದು ಏನು? ಅನ್ನವೊಂದೇ ಇಳಿದಿದ್ದರೆ ನ್ಯಾಯ. ಅನ್ನ ಸಾರು ಉಳಿದು ಪಲ್ಯ, ಬೇಳೆಯ ಹುಳಿ, ಮೊಸರು ಮಾಯವಾಗಿದ್ದರೆ ಬೆಳೆಯುವ ದೇಹಕ್ಕೆ ಬೇಕಾದುದನ್ನೇ ಕತ್ತರಿಸಿದಂತಾಯಿತು.

ನಗರಗಳ ಸಂಸಾರಸ್ಥರ ರೆಸ್ಟೋರೆಂಟುಗಳಲ್ಲಿ ಈ ಕತ್ತರಿಗೆ ಬಣ್ಣದ ಡಬ್ಬಿಯ ವೇಷವಿದೆ. 1970ರ ದಶಕದಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹವನ್ನು ನಡೆಸುತ್ತಿದ್ದ ಯೋಲಾಂಡಾ ಫರ್ನಾಂಡಿಸ್ ದೆ ಕೊಫಿನ್ಯೊ ಎಂಬಾಕೆ, ದೊಡ್ಡವರ ತಿಂಡಿಯನ್ನು ಮಕ್ಕಳು ಮುಗಿಸಲಾರರೆಂಬುದನ್ನು ಕಂಡು, ಸಣ್ಣ ಅಳತೆಯ ತಿನಿಸುಗಳಿಗೆ ಒಂದು ಪುಟ್ಟ ಆಟಿಕೆಯನ್ನು ಸೇರಿಸಿ ಮಾರಲಾರಂಭಿಸಿದಳು. ಮೂಲದಲ್ಲಿ ಅದು ಮಗುವಿನ ಹಸಿವಿಗೆ ತಕ್ಕ ಅಳತೆಯ ಯೋಚನೆ. 1979ರಲ್ಲಿ ಆ ಸಂಸ್ಥೆಯು ಅಮೆರಿಕ ಸಂಯುಕ್ತ ಸಂಸ್ಥಾನದಾದ್ಯಂತ ‘ಹ್ಯಾಪಿ ಮೀಲ್’ ಎಂಬ ಹೆಸರಿನಿಂದ ಇಂಥದನ್ನೇ ಹೊರತಂದ ಮೇಲೆ ಆಟಿಕೆ ಮುಂದಾಯಿತು, ಊಟ ಹಿಂದಾಯಿತು. ಉಪ್ಪು, ಸಕ್ಕರೆ, ಕೊಬ್ಬು ಮಿತಿಮೀರಿದ ಊಟದೊಡನೆ ಆಟಿಕೆಯನ್ನು ಬಿಟ್ಟಿಯಾಗಿ ಕೊಡಕೂಡದೆಂದು ಸ್ಯಾನ್ ಫ್ರಾನ್ಸಿಸ್ಕೊ ನಗರವು 2010ರಲ್ಲಿ ಕಟ್ಟಳೆ ಮಾಡಿತು. ಅದು 2011ರ ಡಿಸೆಂಬರಿನಲ್ಲಿ ಜಾರಿಗೆ ಬಂದಾಗ ಸಂಸ್ಥೆಯು ಆಟಿಕೆಗೆ 10 ಸೆಂಟು ಬೆಲೆ ಕಟ್ಟಿ ಮಾರತೊಡಗಿತು! ದಕ್ಷಿಣ ಅಮೆರಿಕದ ಚಿಲಿ ದೇಶವು 2016ರಲ್ಲಿ ಇನ್ನೂ ಬಿಗಿಯಾದ ಕಾನೂನನ್ನು ಜಾರಿಗೆ ತಂದಿತು. ಭಾರತದಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ನಿಯಮಗಳು ಇಂಥ ತಿನಿಸುಗಳ ಮಾರಾಟವನ್ನು ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ತಡೆಯುತ್ತವೆ. ಹೆದ್ದಾರಿಯ ಹೋಟೆಲಿನ ಮೇಜಿನವರೆಗೆ ಅವುಗಳ ಕೈ ಚಾಚುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳ ಹೆಚ್ಚಿನ ಮಕ್ಕಳು ಮನೆಯ ಹೊರಗೆ ಉಣ್ಣುವ ಊಟ ಹೋಟೆಲಿನದಲ್ಲ, ಶಾಲೆಯದು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆಜ್ಞೆಮಾಡಿದ ಬಳಿಕ, ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಮಕ್ಕಳ ಪಾಲನ್ನು ವಯಸ್ಸಿಗೆ ತಕ್ಕಂತೆ ಹೇಗೆ ಅಳೆಯಬಹುದೆಂಬುದಕ್ಕೆ ಇದೊಂದು ಮಾದರಿ. ಐದನೆಯ ತರಗತಿಯವರೆಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಎಲ್ಲವೂ ಒಂದೂವರೆ ಪಟ್ಟು. ಯಾವೊಂದು ಪದಾರ್ಥವೂ ಚಿಕ್ಕವರ ತಟ್ಟೆಯಿಂದ ಬಿಟ್ಟುಹೋಗಿಲ್ಲ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿಯಾದರೋ ಮೊದಲನೆಯ ತರಗತಿಯವನಿಗೂ ಹತ್ತನೆಯ ತರಗತಿಯವನಿಗೂ ಹಾಲು 150 ಮಿಲಿಲೀಟರೇ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಲ್ಲುತ್ತದೆ. ಐದನೆಯ ತರಗತಿಯ ಕೊನೆಯ ದಿನದಿಂದ ಆರನೆಯದರ ಮೊದಲ ದಿನಕ್ಕೆ ಹಸಿವು ಒಂದೂವರೆ ಪಟ್ಟು ಬೆಳೆಯುವುದಿಲ್ಲ ನಿಜ. ಈ ಅಳತೆ ಉಗ್ರಾಣದಿಂದ ತೆಗೆಯುವಾಗಿನ ಅಳತೆ. ಹತ್ತು ಮಕ್ಕಳಿಗೆಂದು ಬೇಯಿಸಿದ ಒಂದು ಕಿಲೋ ಅಕ್ಕಿಯಲ್ಲಿ ಕಡಿಮೆ ಉಣ್ಣುವವನ ಪಾಲು ಹೆಚ್ಚು ಉಣ್ಣುವವಳಿಗೆ ಹೋಗಲು ಅವಕಾಶವಿರುತ್ತದೆ. ಹೋಟೆಲಿನಲ್ಲಿ ಆ ಅವಕಾಶ ಒಂದು ಸಂಸಾರದೊಳಗೆ ಮಾತ್ರ ಸಾಧ್ಯ.

ಆ ಅವಕಾಶವನ್ನೂ ಮುಚ್ಚುವ ಫಲಕವೊಂದು ಹಲವು ಹೋಟೆಲುಗಳ ಗೋಡೆಯ ಮೇಲಿರುತ್ತದೆ: ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಕೇಳಿದಷ್ಟೂ ಬಡಿಸುವ ಊಟದಲ್ಲಿ ಈ ನಿರ್ಬಂಧಕ್ಕೆ ಕಾರಣವಿದೆ. ಇಲ್ಲವಾದರೆ ಒಂದು ಎಲೆಯಲ್ಲಿ ನಾಲ್ವರು ಉಂಡಾರು. ಅಳತೆಯಿಟ್ಟು ಕೊಡುವ ತಟ್ಟೆಯೂಟಕ್ಕೂ ಅದನ್ನೇ ಹೇರುವುದಕ್ಕೆ ಯಾವ ಕಾರಣವೂ ಕಾಣದು. ತಾಯಿ ತನ್ನ ತಟ್ಟೆಯ ಅನ್ನದಲ್ಲಿ ನಾಲ್ಕು ತುತ್ತನ್ನು ನಾಲ್ಕು ವರ್ಷದ ಮಗುವಿಗೆ ಉಣಿಸಿದರೆ ಹೋಟೆಲಿನವನ ಅಕ್ಕಿ ಒಂದು ಕಾಳೂ ಹೆಚ್ಚು ಖರ್ಚಾಗಿರುವುದಿಲ್ಲ.

ಈ ಸೀಮೆಯ ಮುದ್ದೆ ಊಟದ ಹೋಟೆಲುಗಳಿಗೆ ಒಂದು ಅನುಕೂಲವಿದೆ. ಅನ್ನವನ್ನು ಎಣಿಸಲಾಗದು, ಮುದ್ದೆಯನ್ನು ಎಣಿಸಬಹುದು. ಊಟಕ್ಕೆ ಇಷ್ಟು, ಮೇಲಿನ ಮುದ್ದೆಯೊಂದಕ್ಕೆ ಇಷ್ಟು ಎಂದು ದರ ಕಟ್ಟಿದರೆ ಉಣ್ಣುವವನ ವಯಸ್ಸನ್ನು ಕೇಳಬೇಕಾದ ಪ್ರಸಂಗವೇ ಬಾರದು. ಆರು ವರ್ಷದವನು ಅರ್ಧ ಮುದ್ದೆ ಮುರಿದುಕೊಂಡು ಉಳಿದರ್ಧವನ್ನು ಅಕ್ಕನ ತಟ್ಟೆಗೆ ಹಾಕುತ್ತಾನೆ. ಹದಿನಾಲ್ಕು ವರ್ಷದ ಅಣ್ಣ ಎರಡನ್ನು ಮುಗಿಸಿ ಮೂರನೆಯದಕ್ಕೆ ಕೈಯೆತ್ತುತ್ತಾನೆ. ಕಾಳಿನ ಸಾರು ಮೂವರ ಬಟ್ಟಲಿಗೂ ಒಂದೇ ಪಾತ್ರೆಯಿಂದ ಬೀಳುತ್ತದೆ. ಗಲ್ಲಾಪೆಟ್ಟಿಗೆಯ ಬಳಿ ತಂದೆ ಮುದ್ದೆಗಳ ಎಣಿಕೆಯನ್ನು ಹೇಳಿ ಹಣ ಕೊಟ್ಟು ಬಸ್ಸು ಹತ್ತುತ್ತಾನೆ.