ದುಬಾರಿ ವಿಸ್ಕಿಗೆ ಪ್ಲಾಸ್ಟಿಕ್ ಲೋಟ ಬೇಡ

ಸಿರುಗುಪ್ಪ: ಸಾವಿರಾರು ರೂಪಾಯಿ ಕೊಟ್ಟು ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ತಂದು ಪ್ಲಾಸ್ಟಿಕ್ ಲೋಟಕ್ಕೆ ಹಾಕಿದ್ರೆ ದುಡ್ಡು ದಂಡ. ವಿಸ್ಕಿ ರುಚಿಯಲ್ಲಿ ಹೆಚ್ಚಿನ ಪಾಲು ಮೂಗಿನದು. ಅಗಲ ಬಾಯಿಯ ಲೋಟದಲ್ಲಿ ಪರಿಮಳ ಹರಡಿ ಹೋಗುತ್ತದೆ. ಹೊಟ್ಟೆ ಉಬ್ಬಿ, ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಅದು ಒಟ್ಟಾಗಿ ಮೂಗಿಗೆ ಸಿಗುತ್ತದೆ. 2001ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಬಂದ ಗ್ಲೆನ್‌ಕೇರ್ನ್ ಲೋಟದ ಆಕಾರ ಇದೇ. ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾಗಿದ್ದೂ ಅಲ್ಲಿನ ಗ್ಲಾಸ್ಗೋದಲ್ಲೇ!

ದೇಶನೂರಿನಿಂದ ಪೇಟೆಗೆ ಬರೋರು ಅದೇ ಲೋಟಕ್ಕಾಗಿ ಅಲೆಯಬೇಕಿಲ್ಲ. ಬಾಯಿ ಒಳಕ್ಕೆ ಬಾಗಿದ ಸಣ್ಣ ವೈನ್ ಗ್ಲಾಸ್ ಸಾಕು. 30 ಎಂಎಲ್ ಹಾಕಿ, ಬಾಯಿ ಸ್ವಲ್ಪ ತೆರೆದು ಮೂಸಿ ನೋಡಿ, ಆಮೇಲೆ ನಾಲ್ಕೈದು ಹನಿ ನೀರು. ಸೋಪಿನ ವಾಸನೆ ಉಳಿದ ಲೋಟ ಮಾತ್ರ ಎಂಥ ಆಕಾರದ್ದಾದರೂ ಬೇಡ.

ಸೋಡಾ, ಐಸ್ ಹಾಕಿ ಕುಡಿಯೋರಿಗೆ ದಪ್ಪ ತಳದ ನೇರ ಲೋಟವೇ ಸರಿ. ಅವರು ಇದಕ್ಕೆಲ್ಲ ದುಡ್ಡು ಹಾಕೋದು ಬೇಡ.